ಕ್ಯಾಮೆರಾ ಮುಂದೆ ತಮಟೆ

ನಮ್ಮ ತಾತಂದಿರ ಚರಿತ್ರೆ ಬರೆಯಲು ಕೂತರೆ ಕೈಗೆ ಸಿಗುವ ಕಾಗದ ಬಹಳ ಕಮ್ಮಿ. ಹೆಬ್ಬೆಟ್ಟು ಒತ್ತಿದ ಒಂದು ಸಾಲಪತ್ರ, ಮಡಿಕೆಯಲ್ಲೇ ಹರಿದುಹೋದ ಒಂದು ಪಹಣಿ. ಅಷ್ಟೆ. ಅಕ್ಷರ ಬಲ್ಲವರು ನಮ್ಮ ಬಗ್ಗೆ ಬರೆದಿಟ್ಟದ್ದು ಇಷ್ಟು. ನಾವೇ ನಮ್ಮ ಬಗ್ಗೆ ಹೇಳಿಕೊಂಡದ್ದೆಲ್ಲ ಹಾಡಿನಲ್ಲಿತ್ತು, ತಮಟೆಯ ಬಡಿತದಲ್ಲಿತ್ತು. ಹಾಡು ಗಾಳಿಗೆ ಹೋಯಿತು. ಬಡಿತ ಬಡಿದವನ ಜೊತೆ ಮಣ್ಣಿಗೆ ಹೋಯಿತು.

ಈಗ ಆ ತಮಟೆಯ ಮುಂದೆ ಕ್ಯಾಮೆರಾ ಬಂದು ನಿಂತಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಹಟ್ಟಿಗಳಿಂದ ಬಂದ ನಾವು ಕೆಲವರು ನಮ್ಮದೇ ಸೀಮೆಯ ತಮಟೆಯವರು, ಸೋಬಾನೆಯವರು, ತತ್ವಪದದವರನ್ನು ಕೂಡಿಸಿಕೊಂಡು ವಿಡಿಯೋ ಹಾಡು ಮಾಡುತ್ತಿದ್ದೇವೆ. ನಮ್ಮಲ್ಲಿ ಇಬ್ಬರು ಪದ್ಯ ಬರೆಯುವವರು, ಒಬ್ಬ ಮದುವೆ ಫೋಟೋ ತೆಗೆಯುವವನು, ಒಬ್ಬಳು ಟೀಚರ್ ಟ್ರೈನಿಂಗ್ ಓದುತ್ತಿರುವವಳು. ನಮ್ಮ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ನಾವೇ ಮೊದಲು. ಈ ಕೆಲಸದಲ್ಲಿ ಸಿಕ್ಕ ಖುಷಿ ದೊಡ್ಡದು, ತಿಂದ ಪೆಟ್ಟೂ ದೊಡ್ಡದು. ಅದನ್ನು ಹೇಳಬೇಕಾದರೆ ಕ್ಯಾಮೆರಾಕ್ಕಿಂತ ಮೊದಲು ಏನಿತ್ತು ಅನ್ನುವುದರಿಂದಲೇ ಶುರು ಮಾಡಬೇಕು.

*

ತಮಟೆಯನ್ನು ವಾದ್ಯ ಅಂತ ಕರೆದದ್ದು ಇತ್ತೀಚೆಗೆ. ಹಿಂದೆ ಅದು ಚಾಕರಿ. ಊರಲ್ಲಿ ಹೆಣ ಬಿದ್ದರೆ ತಮಟೆ, ಜಾತ್ರೆಗೆ ತಮಟೆ, ಅಮ್ಮನ ಮೆರವಣಿಗೆಗೆ ತಮಟೆ, ಸರ್ಕಾರದ ಹುಕುಂ ಸಾರಲು ತಮಟೆ. ಊರಿನವರ ಸುದ್ದಿಯನ್ನೆಲ್ಲ ಸಾರಿದವನಿಗೆ ಕೊನೆಗೆ ಸಿಗುತ್ತಿದ್ದದ್ದು ಕಣದಲ್ಲಿ ಅಳೆದು ಹಾಕುವ ಆಯದ ರಾಗಿ. ಅದೂ ಗೌಡರ ಮನಸ್ಸಿದ್ದಂತೆ.

ಆದರೆ ಅದರ ಹಿಂದೆ ಇದ್ದ ವಿದ್ಯೆ ಎಷ್ಟು! ಸತ್ತ ದನ ಹೊರಬೇಕು, ಸುಲಿಯಬೇಕು, ಚರ್ಮ ಹದ ಮಾಡಬೇಕು, ಬಳೆಗೆ ಬಿಗಿಯಬೇಕು. ಬಡಿಯುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಜಾಸ್ತಿ ಕಾದರೆ ಚರ್ಮ ಸೀಳುತ್ತೆ, ಕಮ್ಮಿಯಾದರೆ ದನಿ ಏಳಲ್ಲ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ಸಾವಿನ ಬಡಿತ ಬೇರೆ, ಮದುವೆಯ ಬಡಿತ ಬೇರೆ, ದೇವರು ಮೈಮೇಲೆ ಬರುವ ಬಡಿತ ಬೇರೆ. ಅರ್ಧ ಮೈಲಿ ಆಚೆ ಹೊಲದಲ್ಲಿ ಬಗ್ಗಿ ಕಳೆ ತೆಗೆಯುತ್ತಿದ್ದ ನಮ್ಮ ಅವ್ವಂದಿರು ಬಡಿತ ಕೇಳಿಯೇ ಊರಲ್ಲಿ ಏನಾಗಿದೆ ಅಂತ ಹೇಳುತ್ತಿದ್ದರು. ಇಷ್ಟು ವಿದ್ಯೆ ಇದ್ದವನನ್ನು ಊರು ವಿದ್ವಾಂಸ ಅನ್ನಲಿಲ್ಲ. ಮುಟ್ಟಬೇಡ ಅಂದಿತು.

ನಮ್ಮ ಸೀಮೆಗೆ ಇನ್ನೊಂದು ಗುಣವಿದೆ. ಇಲ್ಲಿ ನಾಲಿಗೆಗೆ ಗಡಿಯಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಜೊತೆಗೆ ಉರ್ದು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪ, ಅಂದರೆ ನಮ್ಮ ಜನ ಕರೆಯುವ ಕೈವಾರ ತಾತಯ್ಯ, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಅವರ ಪದಗಳು ಭಜನೆ ಗುಂಪುಗಳ ಬಾಯಲ್ಲಿ ಊರೂರು ಅಲೆದು ಇವತ್ತಿಗೂ ಉಳಿದಿವೆ. ಅಕ್ಷರ ಬಾರದವರ ಗಂಟಲೇ ಇಲ್ಲಿ ಪುಸ್ತಕವಾಗಿತ್ತು.

*

ಎಪ್ಪತ್ತರ ದಶಕ ಬಂತು. 1973ರಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ಮೇಲ್ಜಾತಿಯವರು ಬೀದಿಗಿಳಿದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಗಾಯದಿಂದಲೇ ನಮ್ಮವರು ಒಟ್ಟಾದರು. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ನಾವೆಲ್ಲ ಕೋಲಾರದವರೇ. ಆ ಕೋಲಾರ ಹೋರಾಟದ ಹಾಡಿನ ತವರು. ಕೋಟಿಗಾನಹಳ್ಳಿ ರಾಮಯ್ಯ ಹಾಡು ಕಟ್ಟಿದರು. ಗೊಲ್ಲಹಳ್ಳಿ ಶಿವಪ್ರಸಾದ್, ಪಿಚ್ಚಳ್ಳಿ ಶ್ರೀನಿವಾಸ್ ಅಂಥವರು ಎದೆ ತುಂಬಿ ಹಾಡಿದರು. ಭಾಷಣ ಅರ್ಥವಾಗದ ಮುದುಕಿಗೂ ಹಾಡು ಅರ್ಥವಾಯಿತು.

ಆಗ ತಮಟೆಯ ಬಗ್ಗೆ ನಮ್ಮವರಲ್ಲೇ ಎರಡು ಮಾತು ಬಂದವು. ಒಂದು: ತಮಟೆ ಗುಲಾಮಗಿರಿಯ ಗುರುತು, ಎಸೆಯಿರಿ. ಇನ್ನೊಂದು: ತಮಟೆ ನಮ್ಮ ದನಿ, ಎತ್ತಿಕೊಳ್ಳಿ, ಆದರೆ ಗೌಡರ ಮನೆ ಹೆಣದ ಮುಂದೆ ಬಡಿಯಬೇಡಿ, ನಮ್ಮ ಮೆರವಣಿಗೆಯ ಮುಂದೆ ಬಡಿಯಿರಿ. ಎರಡೂ ಮಾತಿನಲ್ಲಿ ನಿಜವಿತ್ತು. ಬಡಿಯಲ್ಲ ಅಂದ ಕೇರಿಗಳಿಗೆ ಬಹಿಷ್ಕಾರ ಬಿತ್ತು. ಅಂಗಡಿ ಮುಚ್ಚಿತು, ಕೂಲಿ ನಿಂತಿತು, ನೀರು ನಿಂತಿತು. ಒಂದು ವಾದ್ಯ ಬಾರಿಸುವುದಿಲ್ಲ ಅಂದದ್ದಕ್ಕೆ ನೀರು ನಿಲ್ಲಿಸುವ ನಾಡು ನಮ್ಮದು. ಈ ಎರಡು ಮಾತಿನ ಜಗಳ ಇನ್ನೂ ಮುಗಿದಿಲ್ಲ. ಮುಂದೆ ನಮ್ಮ ಕ್ಯಾಮೆರಾದ ಮುಂದೆಯೇ ಅದು ಎದ್ದು ನಿಂತಿತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

*

ಯಂತ್ರಗಳ ಕಥೆ ಕೇಳಿ. 1975ರಲ್ಲೇ ಬಿ.ವಿ. ಕಾರಂತರ 'ಚೋಮನ ದುಡಿ' ಸಿನಿಮಾ ಬಂತು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ. ಹೊಲೆಯನ ದುಡಿಯ ಸದ್ದು ಥಿಯೇಟರಿನ ಕತ್ತಲಲ್ಲಿ ಮೊಳಗಿತು, ಸ್ವರ್ಣಕಮಲ ಪಡೆಯಿತು. ಒಳ್ಳೆಯ ಸಿನಿಮಾ, ಅದರ ಬಗ್ಗೆ ನಮಗೆ ಗೌರವವಿದೆ. ಆದರೂ ಕೇಳಬೇಕು: ಬರೆದವರು ನಮ್ಮವರಲ್ಲ, ತೆಗೆದವರು ನಮ್ಮವರಲ್ಲ. ನಮ್ಮ ದುಃಖ ಪರದೆಯ ಮೇಲೆ ಬಂತು, ನಾವು ಕ್ಯಾಮೆರಾದ ಹಿಂದೆ ಬರಲಿಲ್ಲ.

ಆಮೇಲೆ ಕ್ಯಾಸೆಟ್ ಬಂತು. 1978ರ 'ನಿತ್ಯೋತ್ಸವ'ದಿಂದ ಕನ್ನಡದ ಭಾವಗೀತೆ ಕ್ಯಾಸೆಟ್ಟಿಗೆ ಹತ್ತಿ ಮನೆಮನೆ ಸೇರಿತು. ಕವಿಯ ಹೆಸರು, ರಾಗ ಹಾಕಿದವರ ಹೆಸರು, ಹಾಡಿದವರ ಹೆಸರು, ಎಲ್ಲ ಕವರಿನ ಮೇಲೆ. ನಮ್ಮ ಹಾಡುಗಳೂ ಕ್ಯಾಸೆಟ್ ಆದವು. ಅಲ್ಲಿ ಮಾತ್ರ ಕವಿಯ ಹೆಸರಿನ ಜಾಗದಲ್ಲಿ 'ಜಾನಪದ' ಅನ್ನುವ ಒಂದೇ ಪದ. ನಾಟಿ ಗದ್ದೆಯಲ್ಲಿ ನಿಂತು ಹಾಡು ಕಲಿಸಿದ ಮುದುಕಿ ಅದರಲ್ಲಿ ಕರಗಿಹೋದಳು. ಜಾನಪದ ಅಂದರೆ ಯಾರದ್ದೂ ಅಲ್ಲ ಅಂತ ಕಂಪನಿಗಳು ಅರ್ಥ ಮಾಡಿಕೊಂಡವು. ಯಾರದ್ದೂ ಅಲ್ಲದ್ದನ್ನು ಯಾರು ಬೇಕಾದರೂ ಮಾರಬಹುದಲ್ಲ!

ಹೋರಾಟದ ಹಾಡಿನವರೂ ಹೆಸರು ಹಾಕಿಕೊಳ್ಳಲಿಲ್ಲ, ನಿಜ. ಕೈಬರಹದ ನೋಟ್‌ಬುಕ್ಕಿನಲ್ಲಿ ಹಾಡು ಊರಿಂದ ಊರಿಗೆ ಹೋಗುವಾಗ ಕಟ್ಟಿದವರ ಹೆಸರು ದಾರಿಯಲ್ಲೇ ಉದುರುತ್ತಿತ್ತು. ಅದು ಕೊಟ್ಟುಬಿಟ್ಟದ್ದು. ಕ್ಯಾಸೆಟ್ಟಿನವರು ಮಾಡಿದ್ದು ಕಿತ್ತುಕೊಂಡದ್ದು. ಈ ವ್ಯತ್ಯಾಸ ನಮ್ಮ ಹುಡುಗರಿಗೆ ತಿಳಿಯಬೇಕು.

ಹಾಡಿಗೆ ಚಿತ್ರ ಕಟ್ಟಿ ದಿನವಿಡೀ ತೋರಿಸುವ ಎಂಟಿವಿ ಅಮೆರಿಕದಲ್ಲಿ 1981ರಲ್ಲಿ ಶುರುವಾಯಿತು. ಅಲ್ಲೂ ಬಾಗಿಲಲ್ಲಿ ಜಾತಿ ಇತ್ತು. ಕಪ್ಪು ಜನರ ಹಾಡುಗಳು ಯಾಕಿಷ್ಟು ಕಮ್ಮಿ ಅಂತ 1983ರಲ್ಲಿ ಬಿಳಿಯ ಹಾಡುಗಾರ ಡೇವಿಡ್ ಬೋವಿ ಅದೇ ಚಾನೆಲ್ಲಿನಲ್ಲಿ ಕೂತು ಕೇಳಿದ. ಅದೇ ವರ್ಷ ಮೈಕೆಲ್ ಜಾಕ್ಸನ್ ಆ ಬಾಗಿಲನ್ನು ಒದ್ದು ತೆಗೆದ. ನಮ್ಮ ನಾಡಿಗೆ 1994ರಲ್ಲಿ ಉದಯ ಟಿವಿ ಬಂತು, ಆಮೇಲೆ ವಿಸಿಡಿ ಬಂತು. 2005ರಲ್ಲಿ ಯೂಟ್ಯೂಬ್ ಹುಟ್ಟಿತು. 2016ರ ನಂತರ ಇಂಟರ್‌ನೆಟ್ ಅಗ್ಗವಾಗಿ ಕೂಲಿಯವರ ಕೈಗೂ ಬಂತು. ಇವತ್ತು ಹಾಡು ಹೊರಗೆ ಬಿಡಲು ಯಾರ ಮನೆ ಜಗಲಿಯ ಮುಂದೂ ನಿಲ್ಲಬೇಕಿಲ್ಲ. ಇದು ಸಣ್ಣ ಸಂಗತಿಯಲ್ಲ. ನಾವು ಈ ಕೆಲಸಕ್ಕೆ ಇಳಿದದ್ದೂ ಈ ಧೈರ್ಯದಿಂದಲೇ.

*

ಮೊದಲ ಪಾಠ ಸ್ಟುಡಿಯೋದಲ್ಲಾಯಿತು. ಚಿಂತಾಮಣಿ ಕಡೆಯ ಒಬ್ಬ ತಾತನನ್ನು, ಅವರ ಜೊತೆಯ ನಾಲ್ವರನ್ನು ಬೆಂಗಳೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆವು. ಎಸಿ ರೂಮು. ಹತ್ತು ನಿಮಿಷಕ್ಕೆ ತಮಟೆಯ ಚರ್ಮ ತಣ್ಣಗಾಗಿ ದನಿ ಸತ್ತಿತು. ಬೆಂಕಿ ಹಾಕುವಂತಿಲ್ಲ. ಕಿವಿಗೆ ಯಂತ್ರ ಹಾಕಿ, ಟಿಕ್ ಟಿಕ್ ಅನ್ನುವ ಲೆಕ್ಕಕ್ಕೆ ಸರಿಯಾಗಿ ಬಡಿಯಿರಿ ಅಂದರು. ತಾತ ಯಂತ್ರ ಕಿತ್ತು ಕೆಳಗಿಟ್ಟರು. "ನೈನಾ, ಇದು ಗಡಿಯಾರದ ಸದ್ದು. ನಾನು ಕುಣಿಯೋರ ಕಾಲು ನೋಡ್ಕೊಂಡು ಬಡಿಯೋನು. ಇಲ್ಲಿ ಕಾಲೇ ಇಲ್ವಲ್ಲಪ್ಪ" ಅಂದರು.

ತಮಟೆಯ ಲಯ ಗಡಿಯಾರದ ಲಯ ಅಲ್ಲ. ಕುಣಿಯುವವನಿಗೆ ಹುರುಪು ಏರಿದಂತೆ ಅದೂ ಏರುತ್ತೆ, ದಣಿದಾಗ ಇಳಿಯುತ್ತೆ. ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಸಾಲಾಗಿ ಜೋಡಿಸಿದರೆ ಸದ್ದು ಉಳಿಯುತ್ತೆ, ಜೀವ ಹೋಗುತ್ತೆ. ಆ ದಿನದ ಬಾಡಿಗೆ ದಂಡವಾಯಿತು. ಆಮೇಲೆ ನಾವು ಬತ್ತಿದ ಕೆರೆಯ ಅಂಗಳಕ್ಕೆ ಹೋದೆವು. ಹುಲ್ಲಿನ ಬೆಂಕಿ ಪಕ್ಕದಲ್ಲೇ. ಹತ್ತಿರ ಇಟ್ಟ ಮೈಕು ಪೆಟ್ಟಿಗೆ ಒಡೆದುಕೊಳ್ಳುತ್ತಿತ್ತು, ಇಪ್ಪತ್ತು ಹೆಜ್ಜೆ ದೂರಕ್ಕೆ ಇನ್ನೊಂದು ಇಟ್ಟೆವು. ಹಾಡು ಶುರುವಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ. ಬಾಯಿ ಆಡಿಸುವ ನಾಟಕ ಇಲ್ಲ, ಹಾಡಿದ್ದೇ ಚಿತ್ರ, ಚಿತ್ರವೇ ಹಾಡು. ಕುಣಿಯಲು ಕೇರಿಯ ಮಕ್ಕಳು ಬಂದರು. ತಾತನಿಗೆ ನೋಡಲು ಕಾಲು ಸಿಕ್ಕವು.

ಎರಡನೆಯ ಪಾಠ ಕವಿಗಳಾದ ನಮಗೆ. ನಾವು ಬರೆದ ಪದ್ಯವನ್ನು ಓದಿ ಹೇಳಿದೆವು. ಬಹಳ ಬೆಂಕಿ, ಬಹಳ ಕ್ರಾಂತಿ ಇದ್ದ ಪದ್ಯ. ತಾತ ಕಡ್ಡಿಯಲ್ಲಿ ಮೆಲ್ಲಗೆ ತಟ್ಟಿಕೊಂಡು ಕೇಳಿದರು. "ಪದ ಜಾಸ್ತಿ ಆಯ್ತು ಕಣಪ್ಪ. ಉಸಿರು ಎಲ್ಲಿ ತಗೊಳ್ಳೋದು?" ಅಂದರು. ನಾಲ್ಕು ಸಾಲಿಗೆ ಎರಡು ಸಾಲು ಹೋಯಿತು. 'ಶೋಷಣೆ' ಅನ್ನುವ ಪದ ಬಡಿತಕ್ಕೆ ಕೂರಲಿಲ್ಲ, ಆ ಜಾಗಕ್ಕೆ 'ಬಿಟ್ಟಿ' ಬಂತು. ಬಿಟ್ಟಿ ಅಂದ ಕೂಡಲೇ ಹಿಂದೆ ನಿಂತಿದ್ದ ಹೆಂಗಸರು ತಲೆಯಾಡಿಸಿದರು. ಎಂ.ಎ. ತರಗತಿಯಲ್ಲಿ ಎರಡು ವರ್ಷ ಛಂದಸ್ಸು ಓದಿದ ನಮ್ಮ ಗೆಳೆಯನಿಗೆ ಛಂದಸ್ಸು ಅಂದರೆ ಏನು ಅಂತ ಆ ಸಂಜೆ ತಿಳಿಯಿತು.

ಮೂರನೆಯದು ಶಿಡ್ಲಘಟ್ಟದಲ್ಲಿ. ಇಡೀ ಊರು ರೇಷ್ಮೆಯ ಮೇಲೆ ನಿಂತಿದೆ. ಹಿಪ್ಪುನೇರಳೆ ಸೊಪ್ಪು, ಹುಳು, ಚಂದ್ರಿಕೆ, ಗೂಡು, ಮಾರುಕಟ್ಟೆ, ನೂಲು. ಬಿಸಿ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವ ಹೆಂಗಸಿನ ಬೆರಳು ನೋಡಿ, ತೊಗಲು ಬಿಳುಚಿ ಸುಕ್ಕಾಗಿರುತ್ತೆ. ಅಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಒಳ್ಳೆ ಸೋಬಾನೆ ಹಾಡುವವರು. ಅವರಿಗೆ ಹೊಸ ಸೀರೆ ಉಡಿಸಿ ನಂದಿ ಬೆಟ್ಟದ ಕೆಳಗೆ ಹಸಿರಲ್ಲಿ ನಿಲ್ಲಿಸಿ ಹಾಡಿಸಬೇಕು ಅಂತ ನಮ್ಮ ಯೋಜನೆ. ಅಕ್ಕ ನಕ್ಕರು. "ಅಲ್ಲಿ ನಾನು ಯಾವತ್ತು ಹೋಗಿದ್ದೆ? ಇಲ್ಲೇ ಹಾಡ್ತೀನಿ, ತಗೊಳ್ಳಿ" ಅಂದರು. ಯಂತ್ರದ ಗದ್ದಲದಲ್ಲಿ ದನಿ ಕೇಳಿಸಲ್ಲ ಅಂದೆವು. "ನಮಗೆ ಯಾವತ್ತು ಕೇಳ್ಸಿದೆ? ಆದ್ರೂ ಹಾಡ್ತೀವಲ್ಲ" ಅಂದರು. ರಾಟೆಯ ಸದ್ದನ್ನೇ ತಾಳ ಮಾಡಿಕೊಂಡು ಹಾಡಿದರು. ನಮ್ಮ ತಲೆಯಲ್ಲಿ ಸಿನಿಮಾ ಹಾಕಿಟ್ಟಿದ್ದ ಹಸಿರು ಬೆಟ್ಟ ಆವತ್ತು ಕುಸಿದುಬಿತ್ತು. ಈ ಕೆಲಸದ ದೊಡ್ಡ ಲಾಭ ಇದೇ. ಕಲಾವಿದರಿಗೆ ನಾವು ಚಿತ್ರ ಕೊಡುತ್ತೇವೆ ಅಂತ ಹೋದೆವು, ಅವರೇ ನಮ್ಮ ಕಣ್ಣು ತೊಳೆದು ಕಳಿಸಿದರು.

*

ಎಲ್ಲವನ್ನೂ ಚಿತ್ರ ಮಾಡಬಹುದೇ? ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ನಮ್ಮ ಎದೆಯೊಳಗಿನ ಕೆಂಡ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕಾನೂನಿನ ಲೆಕ್ಕದಲ್ಲಿ ಕೊಂದವರು ಯಾರೂ ಇಲ್ಲ. ಇದರ ಬಗ್ಗೆ ಹಾಡು ಮಾಡಲೇಬೇಕು ಅಂತ ನಾವು ಹೊರಟೆವು. ಬೆಂಕಿ ತೋರಿಸುವುದು, ಡ್ರೋನ್ ಹಾರಿಸುವುದು, ಸಾವಿನ ಬಡಿತ ಬಡಿಸುವುದು, ಎಲ್ಲ ಬರೆದುಕೊಂಡಿದ್ದೆವು.

ತಾತ ಒಪ್ಪಲಿಲ್ಲ. "ಸಾವಿನ ಬಡಿತ ಸಾವಿಲ್ದೆ ಬಡಿಯಂಗಿಲ್ಲ. ಮನೆಯವರು ಕುಂತವ್ರೆ ಇನ್ನೂ. ಅವರ ಮೊಬೈಲಿಗೆ ಇದು ಬಂದ್ರೆ?" ಆ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಸಿಟ್ಟು ನಮ್ಮದು ನಿಜವೇ. ಆದರೆ ಬೆಂಕಿಯ ಚಿತ್ರ ಜಾಸ್ತಿ ಜನ ನೋಡುತ್ತಾರೆ ಅನ್ನುವ ಆಸೆಯೂ ಆ ಸಿಟ್ಟಿನೊಳಗೆ ನುಸುಳಿತ್ತು. ಒಪ್ಪಿಕೊಳ್ಳುತ್ತೇವೆ. ಕೊನೆಗೆ ಬೆಂಕಿ ಇಲ್ಲದೆ, ತಮಟೆ ಇಲ್ಲದೆ, ದಿನಾಂಕಗಳನ್ನು ಮಾತ್ರ ಒಂದಾದ ಮೇಲೊಂದು ಓದಿದೆವು. ಚಿತ್ರದಲ್ಲಿ ತಾತ ತಮಟೆಯನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ನಾವು ಮಾಡಿದ್ದರಲ್ಲಿ ಕಮ್ಮಿ ಜನ ನೋಡಿದ್ದು ಅದನ್ನೇ.

*

ಇನ್ನು ಹೆಸರು ಮತ್ತು ಕಾಸು. 2021ರ ಮಾರ್ಚಿನಲ್ಲಿ ತಮಿಳಿನ 'ಎಂಜಾಯ್ ಎಂಜಾಮಿ' ವಿಡಿಯೋ ಹಾಡು ಬಂತು. ಧೀ ಜೊತೆ ಹಾಡಿದವರು ನಮ್ಮವರೇ ಆದ ಅರಿವು. ಸಿಂಹಳದ ಟೀ ತೋಟಗಳಲ್ಲಿ ದುಡಿದ ಅವರ ಅಜ್ಜಿ ವಳ್ಳಿಯಮ್ಮಾಳ್ ಕೂಡ ಆ ಚಿತ್ರದಲ್ಲಿದ್ದಾರೆ. ಕೋಟಿ ಕೋಟಿ ಜನ ನೋಡಿದರು. ಆದರೆ ಅದೇ ವರ್ಷ ಒಂದು ದೊಡ್ಡ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ಅವರಿಗೆ ಬೇರೆ ಮುಖಪುಟ ಬಂತು. 2022ರಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ವೇದಿಕೆಯಲ್ಲಿ ಆ ಹಾಡು ಅರಿವು ಇಲ್ಲದೆ ನಡೆಯಿತು. 2024ರಲ್ಲಿ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಅವರೇ ಆ ಹಾಡಿನಿಂದ ತಮಗೆ ಒಂದು ಪೈಸೆಯೂ ಬಂದಿಲ್ಲ ಅಂದರು. ಅಷ್ಟು ಹೆಸರಾದವರಿಗೇ ಹೀಗಾದರೆ ನಮ್ಮ ಹಟ್ಟಿಯ ತಮಟೆಯವರ ಗತಿಯೇನು?

ಕಾನೂನು ಇಲ್ಲ ಅಂತಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿ ತಂದು, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ ಅವರ ಪ್ರದರ್ಶನದ ಮೇಲೆ ಹಕ್ಕು ಕೊಟ್ಟರು. ಮೊದಲು 25 ವರ್ಷ ಇದ್ದ ಆ ಹಕ್ಕನ್ನು 1999ರಲ್ಲಿ 50 ವರ್ಷ ಮಾಡಿದರು. 2012ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದರಿಗೆ ರಾಯಲ್ಟಿ ಸಲ್ಲಬೇಕು. ಆದರೆ ಅದರಲ್ಲೊಂದು ಗಂಟಿದೆ. ಚಿತ್ರಕ್ಕೆ ಸೇರಿಸಿಕೊಳ್ಳಿ ಅಂತ ಒಮ್ಮೆ ಬರೆದುಕೊಟ್ಟರೆ ಆಮೇಲೆ ಬೇಡ ಅನ್ನುವ ಹಕ್ಕು ಹೋಗುತ್ತೆ, ರಾಯಲ್ಟಿಯ ಹಕ್ಕು ಮಾತ್ರ ಉಳಿಯುತ್ತೆ. ಹೆಬ್ಬೆಟ್ಟು ಒತ್ತುವ ಮುಂಚೆ ಇದನ್ನು ನಮ್ಮವರಿಗೆ ಓದಿ ಹೇಳುವವರು ಯಾರು?

ಆದ್ದರಿಂದ ನಾವು ಕೆಲವು ಕಟ್ಟುಪಾಡು ಮಾಡಿಕೊಂಡೆವು. ಒಪ್ಪಂದವನ್ನು ಕನ್ನಡದಲ್ಲಿ ಬರೆದು, ಕನ್ನಡದಲ್ಲೂ ತೆಲುಗಿನಲ್ಲೂ ಗಟ್ಟಿಯಾಗಿ ಓದುವುದು. ಕ್ಯಾಮೆರಾದವನಿಗೆ ಎಷ್ಟು ದಿನಗೂಲಿಯೋ ತಮಟೆಯವರಿಗೂ ಅಷ್ಟೇ. ಎಲ್ಲರ ಹೆಸರೂ ಹಾಡಿನ ಶುರುವಿನಲ್ಲೇ, ಒಂದೇ ಅಳತೆಯ ಅಕ್ಷರದಲ್ಲಿ. ಹಾಡು ಯಾರಿಂದ ಕಲಿತದ್ದು ಅಂತ ಗೊತ್ತಿದ್ದರೆ ಆ ಅವ್ವನ ಹೆಸರು, ಊರಿನ ಹೆಸರು. 'ಜಾನಪದ' ಅಂತ ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಕೊನೆಯದು: ಚಿತ್ರ ಹೊರಗೆ ಹೋಗುವ ಮುಂಚೆ ಕೇರಿಯಲ್ಲಿ ಬಿಳಿ ಪಂಚೆ ಕಟ್ಟಿ ಎಲ್ಲರಿಗೂ ತೋರಿಸುವುದು. ಕಾನೂನು ಕೊಡಲಿ ಬಿಡಲಿ, ಬೇಡ ಅನ್ನುವ ಹಕ್ಕು ಅವರಿಗೆ.

2023ರಲ್ಲಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಯಾವ ಚರ್ಮವನ್ನು ಊರು ಮುಟ್ಟಬೇಡ ಅಂದಿತ್ತೋ ಅದಕ್ಕೆ ರಾಷ್ಟ್ರಪತಿ ಭವನದ ಬಾಗಿಲು ತೆರೆಯಿತು. ನಮಗೆಲ್ಲ ಕಣ್ಣು ತುಂಬಿತು. ಆದರೆ ಒಬ್ಬರ ಎದೆಗೆ ಪದಕ ಬಂದಾಗ ಉಳಿದ ನೂರಾರು ಕೈಗಳ ಕೂಲಿ ಕೇಳುವುದನ್ನು ನಾವು ಮರೆಯಬಾರದು.

*

ಈಗ ಕೊನೆಗೆ ಹೇಳುತ್ತೇವೆ ಅಂದ ಮಾತು. ಗೌರಿಬಿದನೂರು ಕಡೆಯ ಒಂದು ಹಟ್ಟಿ. 1938ರ ಏಪ್ರಿಲ್ 25ರಂದು ಬಾವುಟ ಹಿಡಿದ ಜನರ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ ಇರುವ ತಾಲ್ಲೂಕು ಅದು. ಅಲ್ಲಿಯ ಹಿರಿಯರೊಬ್ಬರ ಜೊತೆ ಮೂರು ದಿನ ಚಿತ್ರ ತೆಗೆದೆವು. ನಾವು ಇದುವರೆಗೆ ಮಾಡಿದ್ದರಲ್ಲೇ ಚೆನ್ನಾಗಿ ಬಂದದ್ದು ಅದು. ಪಂಚೆ ಕಟ್ಟಿ ತೋರಿಸಿದ ರಾತ್ರಿ ಅವರ ಮಗ ಬೆಂಗಳೂರಿನಿಂದ ಬಂದಿದ್ದ. ನಮ್ಮದೇ ವಯಸ್ಸು, ನಮ್ಮ ಹಾಗೇ ಡಿಗ್ರಿ. ಚಿತ್ರ ಮುಗಿದ ಮೇಲೆ ನಮ್ಮನ್ನು ಪಕ್ಕಕ್ಕೆ ಕರೆದ.

"ಅಣ್ಣ, ಇದನ್ನ ಹಾಕ್ಬೇಡಿ. ನಾನು ಬಾಡಿಗೆಗೆ ಇರೋ ಮನೆಯವರಿಗೆ ಗೊತ್ತಿಲ್ಲ. ಮಗಳನ್ನ ಅವರ ಮನೇಲಿ ಬಿಟ್ಟು ಇಬ್ಬರೂ ಕೆಲಸಕ್ಕೆ ಹೋಗ್ತೀವಿ. ಇದು ಅವರ ಮೊಬೈಲಿಗೆ ಬರುತ್ತೆ."

ನಮಗೆ ಸಿಟ್ಟು ಬಂತು. ಬಾಬಾಸಾಹೇಬರನ್ನು ಓದಿಯೂ ಹೀಗಾ ಅಂತ ನಮ್ಮಲ್ಲೊಬ್ಬ ಕೇಳಿದ. ಅವನು ತಿರುಗಿ ಕೇಳಿದ: "ನೀವು ರೂಮು ಮಾಡುವಾಗ ಏನು ಹೇಳಿದ್ರಿ?" ಮೂವರೂ ತಲೆ ತಗ್ಗಿಸಿದೆವು. ನಾವೂ ಹೇಳಿರಲಿಲ್ಲ. ವೇದಿಕೆಯ ಮೇಲೆ ನೀಲಿ ಶಾಲು, ಬಾಡಿಗೆ ಮನೆಯ ಬಾಗಿಲಲ್ಲಿ ಮೌನ. ಇದು ನಮ್ಮದೂ ಕಥೆ.

ಅಪ್ಪ ಎಲ್ಲ ಕೇಳಿಸಿಕೊಂಡು ಕೂತಿದ್ದರು. "ಮುಖ ತೆಗೆದ್ಬಿಡಿ, ಕೈ ಮಾತ್ರ ಇರ್ಲಿ" ಅಂದರು. ಮಾಡಲು ಐದು ನಿಮಿಷದ ಕೆಲಸ. ಆದರೆ ಕೈ ಬೇಕು ಮುಖ ಬೇಡ ಅಂತ ಊರು ಸಾವಿರಾರು ವರ್ಷ ನಮಗೆ ಹೇಳಿದ್ದೂ ಅದನ್ನೇ ಅಲ್ಲವೇ? ಅದನ್ನು ನಮ್ಮ ಕೈಯಾರೆ ಮಾಡಲು ಮನಸ್ಸು ಬರಲಿಲ್ಲ. ಮಗನ ಭಯವನ್ನು ತುಳಿದು ಮುಂದೆ ಹೋಗಲೂ ಮನಸ್ಸು ಬರಲಿಲ್ಲ. ಎಪ್ಪತ್ತರ ದಶಕದ ಆ ಎರಡು ಮಾತು, ಎಸೆಯಿರಿ ಮತ್ತು ಎತ್ತಿಕೊಳ್ಳಿ, ಒಂದೇ ಮನೆಯ ಹೊಸಿಲಿನ ಆಚೆ ಈಚೆ ನಿಂತಿದ್ದವು. ಹೋರಾಟಕ್ಕೆ ಇಷ್ಟು ವರ್ಷವಾದರೂ ಒಬ್ಬ ಮಗ ತನ್ನ ತಂದೆಯ ಮುಖ ತೋರಿಸಲು ಹೆದರಬೇಕಾಗಿದೆ ಅಂದರೆ ನಾಚಬೇಕಾದವರು ಆ ತಂದೆಯೂ ಅಲ್ಲ, ಮಗನೂ ಅಲ್ಲ.

ಆ ಹಾಡು ಇನ್ನೂ ನಮ್ಮ ಹಾರ್ಡ್ ಡಿಸ್ಕಿನಲ್ಲಿದೆ. ಮಗ ಹೂಂ ಅನ್ನುವ ದಿನ ಬಿಡುತ್ತೇವೆ, ಇಲ್ಲದಿದ್ದರೆ ಇಲ್ಲ.

ಗೆಳೆಯರೇ, ಹಳ್ಳಿಯ ಮೇಷ್ಟರುಗಳೇ, ಹಾಸ್ಟೆಲಿನ ತಮ್ಮಂದಿರೇ ತಂಗಿಯರೇ, ನಿಮ್ಮ ಜೇಬಿನಲ್ಲೂ ಕ್ಯಾಮೆರಾ ಇದೆ. ನಿಮ್ಮ ಕೇರಿಯಲ್ಲಿ ಬಡಿಯುವವರು ಯಾರು, ಹಾಡುವವರು ಯಾರು, ಯಾರಿಂದ ಕಲಿತರು, ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಸರು, ಊರು, ವರ್ಷ. ಆಮೇಲೆ ಅವರ ಮುಂದೆ ಕೂತು ಕೇಳಿ: ತೆಗೆಯಲಾ, ಬೇಡವಾ? ಅವರ ಮಕ್ಕಳನ್ನೂ ಕೇಳಿ. ಹೂಂ ಅಂದರೆ ಮಾತ್ರ ಕ್ಯಾಮೆರಾ ತೆಗೆಯಿರಿ. ಬೇಡ ಅಂದರೆ ಆ ಬೇಡವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಯಾಕೆ ಬೇಡ ಅಂದರು ಅನ್ನುವುದನ್ನೂ ಬರೆಯಿರಿ. ಅದೂ ನಮ್ಮ ಚರಿತ್ರೆಯೇ.